ಅಕ್ಕನ ಕಾರಿನ ಆಕ್ಸಿಜನ್ ಸೆನ್ಸರ್: ಮನೆಯಲ್ಲೇ ಬದಲಾಯಿಸಿದ ಒಂದು ಪ್ರಕರಣ

ಅಕ್ಕ ಫೋನ್ ಮಾಡುವ ಹೊತ್ತಿಗೆ ಅವಳ ಕಾರಿನ ಚೆಕ್ ಇಂಜಿನ್ ಲೈಟ್ ಹತ್ತಿ ಎರಡು ತಿಂಗಳಾಗಿತ್ತು. "ಕಾರು ಚೆನ್ನಾಗೇ ಓಡ್ತಿತ್ತು ಕಣೋ, ಅದಕ್ಕೇ ಸುಮ್ನಿದ್ದೆ" ಎಂದಳು. ಈಗ ಬೆಳಿಗ್ಗೆ ಸ್ಟಾರ್ಟ್ ಮಾಡಿದರೆ ಸೈಲೆನ್ಸರ್ ಕಡೆಯಿಂದ ಪೆಟ್ರೋಲ್ ವಾಸನೆ ಬರುತ್ತಿದೆ. ಲೀಟರಿಗೆ 14–15 ಕಿ.ಮೀ. ಕೊಡುತ್ತಿದ್ದ ಕಾರು 12ಕ್ಕೆ ಇಳಿದಿದೆ. ಒಂದು ಗ್ಯಾರೇಜಿನಲ್ಲಿ ತೋರಿಸಿದ್ದಾಳೆ. ಅವರು ಸ್ಕ್ಯಾನರ್ ಹಾಕಿ ನೋಡಿ, ಹೊಗೆಯಲ್ಲಿನ ಆಮ್ಲಜನಕ ಅಳೆಯುವ ಎರಡೂ ಆಕ್ಸಿಜನ್ ಸೆನ್ಸರ್ ಹೋಗಿವೆ, ಹೊಗೆಯ ವಿಷಾನಿಲ ಕಡಿಮೆ ಮಾಡುವ ಕ್ಯಾಟಲಿಟಿಕ್ ಕನ್ವರ್ಟರ್ (ಕ್ಯಾಟ್) ಕೂಡ ಬದಲಾಯಿಸಬೇಕು ಎಂದಿದ್ದಾರೆ. ಅವರು ಹೇಳಿದ ಮೊತ್ತ ಕೇಳಿ ಅಕ್ಕ ಕಾರನ್ನೇ ಮಾರಿಬಿಡೋಣ ಎಂಬ ಯೋಚನೆಗೆ ಬಂದಿದ್ದಳು.

ಕಾರು 11 ವರ್ಷ ಹಳೆಯದು. ನಾಲ್ಕು ಸಿಲಿಂಡರಿನ ಪೆಟ್ರೋಲ್ ಇಂಜಿನ್. 1,18,000 ಕಿ.ಮೀ. ಓಡಿದೆ. ಮೊದಲ ದಿನದಿಂದ ಇದ್ದ ಸೆನ್ಸರ್‌ಗಳೇ ಇನ್ನೂ ಇವೆ. ಆ ವಯಸ್ಸಿಗೆ ಇಂಜಿನ್ ಕಡೆಗಿರುವ ಮುಂದಿನ ಸೆನ್ಸರ್ ಹೋದರೆ ಆಶ್ಚರ್ಯವೇನಿಲ್ಲ. ಆದರೆ ಎರಡು ಸೆನ್ಸರ್ ಮತ್ತು ಕ್ಯಾಟ್ ಒಟ್ಟಿಗೇ ಹೋಗುವುದು ಅಪರೂಪ. ನನಗೆ ಅನುಮಾನ ಬಂದದ್ದು ಅಲ್ಲೇ. "ಒಂದು ಭಾನುವಾರ ಕಾರು ಬಿಟ್ಟುಕೊಡು, ನೋಡ್ತೀನಿ" ಎಂದೆ.

ಆ ಒಂದು ಭಾನುವಾರ ಎಳೆದು ಮೂರು ವಾರವಾಯಿತು. ಆ ಮೂರು ವಾರದಲ್ಲಿ ನಾನು ಒಂದು ತಪ್ಪನ್ನೂ ಮಾಡಿದೆ. ಅದನ್ನೂ ಸೇರಿಸಿಯೇ ಬರೆಯುತ್ತೇನೆ. ಈ ಕೆಲಸವನ್ನು ಮನೆಯಲ್ಲಿ ಮಾಡಲು ಹೊರಟವರು ಅದೇ ಜಾಗದಲ್ಲಿ ಎಡವುವ ಸಾಧ್ಯತೆ ಜಾಸ್ತಿ.

ಕೋಡ್ ಏನು ಹೇಳಿತ್ತು

ಕಾರಿನ ದೋಷಗಳನ್ನು ಓದಲು ಡ್ಯಾಶ್‌ಬೋರ್ಡ್ ಕೆಳಗಿರುವ ಓಬಿಡಿ ಪೋರ್ಟಿಗೆ ಸಣ್ಣ ಬ್ಲೂಟೂತ್ ರೀಡರ್ ಚುಚ್ಚಿ ಫೋನಿನಲ್ಲಿ ನೋಡಿದೆ. ಎರಡು ದೋಷದ ಕೋಡ್ ಇದ್ದವು. ಒಂದು ಪಿ0135. ಇದು ಖಾತ್ರಿಯಾಗಿ ದಾಖಲಾಗಿ ಲೈಟ್ ಹತ್ತಿಸಿದ್ದ ಕೋಡ್. ಇನ್ನೊಂದು ಪಿ0171. ಇದು ಇನ್ನೂ 'ಪೆಂಡಿಂಗ್' ಪಟ್ಟಿಯಲ್ಲಿತ್ತು. ಅಂದರೆ ಇಂಜಿನ್ ನಿಯಂತ್ರಿಸುವ ಕಂಪ್ಯೂಟರ್ ಆದ ಇಸಿಯುಗೆ ಒಮ್ಮೆ ಅನುಮಾನ ಬಂದಿದೆ, ಇನ್ನೂ ಖಾತ್ರಿಯಾಗಿಲ್ಲ. ಕ್ಯಾಟ್ ಸರಿಯಿಲ್ಲ ಎನ್ನುವ ಪಿ0420 ಇರಲೇ ಇಲ್ಲ. ಕ್ಯಾಟ್ ಆಚೆಗಿರುವ ಹಿಂದಿನ ಸೆನ್ಸರಿನ ಬಗ್ಗೆಯೂ ಒಂದೇ ಒಂದು ಕೋಡ್ ಇರಲಿಲ್ಲ.

ಪಿ0135 ಅಂದರೆ 'ಬ್ಯಾಂಕ್ 1, ಸೆನ್ಸರ್ 1, ಹೀಟರ್ ಸರ್ಕ್ಯೂಟ್'. ನಾಲ್ಕು ಸಿಲಿಂಡರ್ ಒಂದೇ ಸಾಲಿನಲ್ಲಿರುವ ಇಂಜಿನ್ನಿಗೆ ಸಾಮಾನ್ಯವಾಗಿ ಬ್ಯಾಂಕ್, ಅಂದರೆ ಸಿಲಿಂಡರುಗಳ ಸಾಲು, ಒಂದೇ. ಸೆನ್ಸರ್ 1 ಎಂದರೆ ಕ್ಯಾಟ್‌ಗಿಂತ ಮುಂಚೆ, ಇಂಜಿನ್ ಕಡೆಗೆ ಇರುವುದು. ಸೆನ್ಸರ್ 2 ಕ್ಯಾಟ್ ಆದಮೇಲೆ ಇರುವುದು. ಇದನ್ನು ಅದಲುಬದಲು ಮಾಡಿಕೊಂಡು ಸರಿಯಿದ್ದ ಸೆನ್ಸರನ್ನೇ ಕಿತ್ತವರನ್ನು ನಾನು ನೋಡಿದ್ದೇನೆ. ಕೋಡಿನಲ್ಲಿರುವ ಇನ್ನೊಂದು ಪದವನ್ನೂ ಬಿಡಬಾರದು: ಸರ್ಕ್ಯೂಟ್. ಇಸಿಯು ಹೇಳುತ್ತಿರುವುದು 'ಹೀಟರಿಗೆ ಹೋಗುವ ಕರೆಂಟಿನ ದಾರಿಯಲ್ಲಿ ಎಲ್ಲೋ ತೊಂದರೆ ಇದೆ' ಎಂದಷ್ಟೇ. ಆ ದಾರಿಯಲ್ಲಿ ಫ್ಯೂಸ್ ಇದೆ, ವೈರ್ ಇದೆ, ಕನೆಕ್ಟರ್ ಇದೆ, ಇಸಿಯು ಒಳಗಿನ ಸ್ವಿಚ್ ಇದೆ. ಸೆನ್ಸರ್ ಆ ದಾರಿಯ ಒಂದು ತುಂಡು ಮಾತ್ರ.

ಸೆನ್ಸರಿನೊಳಗೆ ಹೀಟರ್ ಯಾಕೆ ಎಂದು ಭಾವ ಕೇಳಿದರು. ಒಳ್ಳೆಯ ಪ್ರಶ್ನೆ. ಬಿಸಿ ಹೊಗೆಯ ನಡುವೆಯೇ ಕೂತಿರುವ ವಸ್ತುವಿಗೆ ಬೇರೆ ಒಲೆ ಯಾಕೆ, ಅಲ್ವಾ?

ಈ ಸೆನ್ಸರಿನ ತುದಿಯಲ್ಲಿ ಜಿರ್ಕೋನಿಯಾ ಎಂಬ ಪಿಂಗಾಣಿಯಂಥ ವಸ್ತು ಇರುತ್ತದೆ. ಅದರ ಹೊರಮೈಗೆ ಹೊಗೆ ತಾಗುತ್ತದೆ, ಒಳಮೈಗೆ ಹೊರಗಿನ ಗಾಳಿ ತಾಗುತ್ತದೆ. ಎರಡೂ ಕಡೆಯ ಆಮ್ಲಜನಕದಲ್ಲಿ ವ್ಯತ್ಯಾಸ ಇದ್ದರೆ ಅದು ಸಣ್ಣ ವೋಲ್ಟೇಜ್ ಹುಟ್ಟಿಸುತ್ತದೆ, ವ್ಯತ್ಯಾಸ ಹೆಚ್ಚಿದಷ್ಟೂ ವೋಲ್ಟೇಜ್ ಹೆಚ್ಚು. ಪೆಟ್ರೋಲ್ ಜಾಸ್ತಿಯಾಗಿ ಹೊಗೆಯಲ್ಲಿ ಆಮ್ಲಜನಕ ಉಳಿಯದಿದ್ದರೆ ಸುಮಾರು 0.8–0.9 ವೋಲ್ಟ್. ಪೆಟ್ರೋಲ್ ಕಡಿಮೆಯಾಗಿ ಆಮ್ಲಜನಕ ಉಳಿದುಬಿಟ್ಟರೆ 0.1 ವೋಲ್ಟ್. ನಡುವಿನ ಗೆರೆ 0.45. ಒಂದು ಗ್ರಾಂ ಪೆಟ್ರೋಲಿಗೆ 14.7 ಗ್ರಾಂ ಗಾಳಿ ಸೇರಿದಾಗ ಆ ಗೆರೆ ದಾಟುತ್ತದೆ. ಇಸಿಯು ಈ ಗೆರೆಯ ಆಚೀಚೆ ಪೆಟ್ರೋಲನ್ನು ಹೆಚ್ಚು ಕಡಿಮೆ ಮಾಡುತ್ತಲೇ ಇರುತ್ತದೆ. ಕ್ಯಾಟ್ ತನ್ನ ಕೆಲಸ ಸರಿಯಾಗಿ ಮಾಡಲು ಬೇಕಾದದ್ದೂ ಈ ಸಮತೋಲನವೇ.

ಜಿರ್ಕೋನಿಯಾ ತಣ್ಣಗಿದ್ದರೆ ಇದ್ಯಾವುದೂ ನಡೆಯುವುದಿಲ್ಲ. ಅದು ಸುಮಾರು 300 ಡಿಗ್ರಿ ಸೆಲ್ಸಿಯಸ್ ದಾಟಬೇಕು. 1976ರಲ್ಲಿ ವೋಲ್ವೊ ಕಾರುಗಳಲ್ಲಿ ಬಾಷ್ ಕಂಪನಿಯ ಈ ಸೆನ್ಸರ್ ಮೊದಲು ಬಂದಾಗ ಹೀಟರ್ ಇರಲಿಲ್ಲ. ಹೊಗೆಯೇ ಕಾಯಿಸಬೇಕಿತ್ತು. ಹೀಟರ್ ಬಂದ ಮೇಲೆ ಸ್ಟಾರ್ಟ್ ಮಾಡಿದ ಅರ್ಧ ನಿಮಿಷದ ಆಸುಪಾಸಿನಲ್ಲೇ ಸೆನ್ಸರ್ ಮಾತಾಡಲು ಶುರು ಮಾಡುತ್ತದೆ. ಅಲ್ಲಿಯವರೆಗೆ ಇಸಿಯು ಅಂದಾಜಿನಲ್ಲೇ ಪೆಟ್ರೋಲ್ ಸುರಿಯುತ್ತದೆ. ತಣ್ಣಗಿನ ಇಂಜಿನ್ ನಿಂತುಹೋಗಬಾರದಲ್ಲ, ಅದಕ್ಕೆ ಸ್ವಲ್ಪ ಜಾಸ್ತಿಯೇ ಸುರಿಯುತ್ತದೆ. ಹೀಟರ್ ಸತ್ತರೆ ಈ ಅಂದಾಜಿನ ಹೊತ್ತು ನಿಮಿಷಗಟ್ಟಲೆ ಎಳೆಯುತ್ತದೆ. ಅಕ್ಕನ ಕಚೇರಿ ಹತ್ತಿರವೇ ಇದೆ. ಸೆನ್ಸರ್ ಬಿಸಿಯಾಗುವಷ್ಟರಲ್ಲಿ ಅವಳು ಕಾರು ನಿಲ್ಲಿಸಿಬಿಡುತ್ತಿದ್ದಳು. ಬೆಳಗಿನ ಪೆಟ್ರೋಲ್ ವಾಸನೆ ಮತ್ತು ಬಿದ್ದ ಮೈಲೇಜ್ ಎರಡಕ್ಕೂ ಇಲ್ಲೇ ಉತ್ತರ ಸಿಕ್ಕಿತು ಎನ್ನಿಸಿತು.

ಕೊಳ್ಳುವ ಮೊದಲು ಅಳೆದದ್ದು

ಮೊದಲು ಫ್ಯೂಸ್ ತೆಗೆದು ನೋಡಿದೆ. ಚೆನ್ನಾಗಿತ್ತು. ಇದಕ್ಕೆ ಎರಡು ನಿಮಿಷ ಸಾಕು. ಹೀಟರ್ ಕೋಡ್ ಬಂದಾಗ ಇದನ್ನು ಬಿಟ್ಟು ಸೆನ್ಸರ್ ತರಲು ಓಡಬಾರದು.

ಆಮೇಲೆ ಇಂಜಿನ್ ಪೂರ್ತಿ ತಣ್ಣಗಿರುವಾಗ ಮುಂದಿನ ಸೆನ್ಸರಿನ ಕನೆಕ್ಟರ್ ಬಿಚ್ಚಿದೆ. ನಾಲ್ಕು ವೈರು. ಎರಡು ಬಿಳಿ, ಒಂದು ಕಪ್ಪು, ಒಂದು ಬೂದು. ಒಂದೇ ಬಣ್ಣದ ಜೋಡಿ ಯಾವುದೋ ಅದೇ ಹೀಟರ್. ಈ ಸೆನ್ಸರಿನಲ್ಲಿ ಅದು ಬಿಳಿ. ಕೆಲವು ತಯಾರಕರಲ್ಲಿ ಆ ಜೋಡಿ ಕಪ್ಪು ಬಣ್ಣದ್ದಿರುತ್ತದೆ. ಹಾಗಾಗಿ ಬಣ್ಣಕ್ಕಿಂತ ಜೋಡಿಯನ್ನು ನಂಬುವುದು ಒಳ್ಳೆಯದು. ಮಲ್ಟಿಮೀಟರನ್ನು ಓಮ್‌ಗೆ ಇಟ್ಟು ಸೆನ್ಸರ್ ಬದಿಯ ಎರಡು ಬಿಳಿ ವೈರುಗಳ ಪಿನ್ನಿಗೆ ಹಿಡಿದೆ. ಮೀಟರ್ 'ಓಎಲ್' ಎಂದಿತು. ಅಂದರೆ ಒಳಗಿನ ತಂತಿ ತುಂಡಾಗಿದೆ, ಕರೆಂಟ್ ಹರಿಯಲು ದಾರಿಯೇ ಇಲ್ಲ. ಸಿಗ್ನಲ್ ವೈರುಗಳಿಗೆ ಮಾತ್ರ ಓಮ್ ಮೀಟರ್ ಹಿಡಿಯಬಾರದು. ಮೀಟರಿನಿಂದ ಹೋಗುವ ಸಣ್ಣ ಕರೆಂಟೂ ಆ ತುದಿಗೆ ಒಳ್ಳೆಯದಲ್ಲ.

ಹೋಲಿಕೆಗೆ ಹಿಂದಿನ ಸೆನ್ಸರಿನ ಹೀಟರನ್ನೂ ಅಳೆದೆ. ಅದರ ಕನೆಕ್ಟರ್ ಮುಂದಿನ ಸೀಟಿನ ಕೆಳಗೆ, ಕಾರ್ಪೆಟ್ ಅಡಿಯಲ್ಲಿ ಇತ್ತು. ಕಾರಿನ ಕೆಳಗೆ ನುಗ್ಗುವ ಅಗತ್ಯವೇ ಬರಲಿಲ್ಲ. ಅದು 8 ಓಮ್ ಚಿಲ್ಲರೆ ತೋರಿಸಿತು. ಜೀವಂತ ಹೀಟರಿನಲ್ಲಿ ಹೀಗೆ ಕೆಲವೇ ಓಮ್‌ಗಳಿಂದ ಹತ್ತು ಹದಿನೈದು ಓಮ್‌ವರೆಗೆ ಬರುವುದು ಸಾಮಾನ್ಯ. ಬಿಸಿಯಿದ್ದಾಗ ಅಳೆದರೆ ಇದು ಏರಿರುತ್ತದೆ, ಅದಕ್ಕೇ ತಣ್ಣಗಿರುವಾಗಲೇ ಅಳೆಯಬೇಕು.

ಇನ್ನು ಕಾರಿನ ಬದಿಯ ವೈರಿಂಗ್. ಅಲ್ಲಿನ ಹೀಟರ್ ಪಿನ್ನುಗಳ ನಡುವೆ ಸಣ್ಣ ಟೆಸ್ಟ್ ಬಲ್ಬ್ ಕಟ್ಟಿ ಭಾವನಿಗೆ ಇಂಜಿನ್ ಸ್ಟಾರ್ಟ್ ಮಾಡಲು ಹೇಳಿದೆ. ಬಲ್ಬ್ ಹತ್ತಿತು. ಒಂದು ಪಿನ್ನಿಗೆ ಬ್ಯಾಟರಿಯ 12 ವೋಲ್ಟ್ ಬರುತ್ತಿದೆ, ಇನ್ನೊಂದನ್ನು ಇಸಿಯು ಅರ್ಥ್‌ಗೆ ಎಳೆಯುತ್ತಿದೆ. ಎರಡೂ ಸರಿ. ಈ ಪರೀಕ್ಷೆ ನನಗೆ ತುಂಬ ಮುಖ್ಯ. ಬಲ್ಬ್ ಹತ್ತದಿದ್ದರೆ ಹೊಸ ಸೆನ್ಸರ್ ಹಾಕಿದರೂ ಅದೇ ಕೋಡ್ ಮತ್ತೆ ಬರುತ್ತಿತ್ತು.

ಕನೆಕ್ಟರ್ ವಾಪಸ್ ಹಾಕಿ, ಕಾರನ್ನು ಒಂದು ಸುತ್ತು ಓಡಿಸಿ, ಎರಡೂ ಸೆನ್ಸರಿನ ವೋಲ್ಟೇಜ್ ಫೋನಿನಲ್ಲಿ ನೋಡಿದೆ. ಹತ್ತು ನಿಮಿಷ ಓಡಿದ ಮೇಲೆ ಮುಂದಿನದು 0.1ರಿಂದ 0.8ಕ್ಕೆ ಹಾರಲು ಶುರು ಮಾಡಿತು. ನಿಲ್ಲಿಸಿ ಐಡ್ಲಿಂಗ್‌ನಲ್ಲಿ ಬಿಟ್ಟರೆ ಸ್ವಲ್ಪ ಹೊತ್ತಿಗೆ ಮತ್ತೆ ಮೌನ. ತುದಿ ಬದುಕಿದೆ, ಹೀಟರ್ ಸತ್ತಿದೆ ಎನ್ನುವುದಕ್ಕೆ ಇದಕ್ಕಿಂತ ಸ್ಪಷ್ಟ ಲಕ್ಷಣ ಬೇಕಿಲ್ಲ. ಹಿಂದಿನ ಸೆನ್ಸರ್ 0.65–0.7 ವೋಲ್ಟಿನ ಹತ್ತಿರ ಅಲುಗಾಡದೆ ನಿಂತಿತ್ತು. ಮುಂದಿನದು ಹಾರುತ್ತಿರುವಾಗ ಹಿಂದಿನದು ಹೀಗೆ ನಿಂತಿದ್ದರೆ ಕ್ಯಾಟ್ ಕೆಲಸ ಮಾಡುತ್ತಿದೆ ಎಂದು ಅರ್ಥ. ಕ್ಯಾಟ್ ಸತ್ತಿದ್ದರೆ ಹಿಂದಿನದೂ ಮುಂದಿನದರ ಹಾಗೆಯೇ ಕುಣಿಯುತ್ತಿತ್ತು.

ಹೀಗೆ ಮೂರು ಭಾಗಗಳ ಪಟ್ಟಿ ಒಂದಕ್ಕೆ ಇಳಿಯಿತು. ಅಕ್ಕನಿಗೆ ಅರ್ಧ ನಂಬಿಕೆ. "ಹೇಗೂ ಬಿಚ್ತೀಯ, ಎರಡನೇದನ್ನೂ ಹಾಕಿಬಿಡು" ಎಂದಳು. ಜೋಡಿಯಾಗಿ ಬದಲಾಯಿಸುವುದು ಒಳ್ಳೆಯದು ಎಂದು ಹೇಳುವವರು ಇದ್ದಾರೆ. ಎರಡು ಬ್ಯಾಂಕ್ ಇರುವ ಇಂಜಿನ್ನಿನಲ್ಲಿ ಎರಡೂ ಬದಿಯ ಮುಂದಿನ ಸೆನ್ಸರ್‌ಗಳನ್ನು ಒಟ್ಟಿಗೆ ಹಾಕುವುದರಲ್ಲಿ ಅರ್ಥವಿದೆ. ಎರಡೂ ಒಂದೇ ಕೆಲಸ ಮಾಡಿ ಒಂದೇ ಸಮಕ್ಕೆ ಸವೆದಿರುತ್ತವೆ. ಇಲ್ಲಿ ಹಾಗಲ್ಲ. ಹಿಂದಿನದರ ಕೆಲಸ ಬೇರೆ, ಅದು ಕೂತಿರುವುದು ಕ್ಯಾಟ್ ಆಚೆ, ಅಳತೆಯಲ್ಲೂ ಸರಿ ಬಂದಿದೆ. ಹನ್ನೊಂದು ವರ್ಷದಿಂದ ತುಕ್ಕು ಹಿಡಿದು ಕೂತಿರುವುದನ್ನು ಕಾರಣವಿಲ್ಲದೆ ತಿರುಗಿಸಿದರೆ ಪೈಪಿನ ಥ್ರೆಡ್ಡೇ ಹಾಳಾಗಬಹುದು. ಬೇಡ ಎಂದೆ. ಈಗಲೂ ಅದೇ ಸರಿ ಎಂದು ನನಗೆ ಅನ್ನಿಸುತ್ತದೆ.

ಹೊಸ ಸೆನ್ಸರ್ ತರುವ ಬಗ್ಗೆ ಎರಡೇ ಮಾತು. ನೋಡಲು ಒಂದೇ ಥರ ಇರುವ ಸೆನ್ಸರ್‌ಗಳಲ್ಲಿ ಹಲವು ಜಾತಿ ಇವೆ. ಏರ್ ಫ್ಯೂಯಲ್ ಅಥವಾ ವೈಡ್‌ಬ್ಯಾಂಡ್ ಸೆನ್ಸರ್ ಇರುವ ಜಾಗಕ್ಕೆ ಮಾಮೂಲಿ ಜಿರ್ಕೋನಿಯಾ ಸೆನ್ಸರ್ ಹಾಕಿದರೆ ಥ್ರೆಡ್ ಕೂರುತ್ತದೆ, ಕಾರು ಮಾತ್ರ ಸರಿಯಾಗುವುದಿಲ್ಲ. ಹಳೆಯದರ ಮೈಮೇಲಿನ ಪಾರ್ಟ್ ನಂಬರ್ ನೋಡಿಯೇ ತರಬೇಕು. ವೈರ್ ಕತ್ತರಿಸಿ ಸೇರಿಸಬೇಕಾದ 'ಯೂನಿವರ್ಸಲ್' ಸೆನ್ಸರಿಗಿಂತ ಕನೆಕ್ಟರ್ ಸಮೇತ ಬರುವುದು ಮನೆಯಲ್ಲಿ ಕೆಲಸ ಮಾಡುವವರಿಗೆ ಎಷ್ಟೋ ವಾಸಿ.

ಬಿಚ್ಚಿದ್ದು

ಕೆಲಸದ ಕಷ್ಟವೆಲ್ಲ ಇಲ್ಲಿದೆ. ಉಳಿದದ್ದು ತಾಳ್ಮೆ ಅಷ್ಟೇ.

ಹಿಂದಿನ ರಾತ್ರಿಯೇ ಸೆನ್ಸರಿನ ಬುಡಕ್ಕೆ ತುಕ್ಕು ಬಿಡಿಸುವ ಎಣ್ಣೆ ಬಿಟ್ಟಿದ್ದೆ. ಬೆಳಿಗ್ಗೆ ಇನ್ನೊಮ್ಮೆ ಬಿಟ್ಟೆ. ಮುಂದಿನ ಸೆನ್ಸರ್ ಬಾನೆಟ್ ತೆರೆದರೆ ಕಾಣುತ್ತದೆ. ಇಂಜಿನ್ನಿನ ಹೊಗೆ ಹೊರಗೆ ಒಯ್ಯುವ ಎಕ್ಸಾಸ್ಟ್ ಮ್ಯಾನಿಫೋಲ್ಡ್ ಮೇಲಿನ ತಗಡಿನ ಹೀಟ್ ಶೀಲ್ಡ್‌ಗೆ ಮೂರು ಬೋಲ್ಟ್, 10 ನಂಬರಿನ ಸಾಕೆಟ್. ಒಂದು ಬೋಲ್ಟ್ ಮೊಂಡು ಮಾಡಿತು. ಮುಂದಕ್ಕೊಮ್ಮೆ ಹಿಂದಕ್ಕೊಮ್ಮೆ ಆಡಿಸಿ, ಎಣ್ಣೆ ಕುಡಿಸಿ, ಹದಿನೈದು ನಿಮಿಷದಲ್ಲಿ ಬಿಡಿಸಿದೆ.

ಸೆನ್ಸರಿನ ಷಟ್ಕೋನದ ಅಳತೆ 22 ಮಿ.ಮೀ. ಇದಕ್ಕೆಂದೇ ಬರುವ ಸಾಕೆಟ್ ಇದೆ. ವೈರ್ ಹೊರಗೆ ಬರಲು ಪಕ್ಕದಲ್ಲಿ ಉದ್ದಕ್ಕೆ ಸೀಳು ಇರುತ್ತದೆ. ಆ ಸೀಳೇ ಅದರ ದೌರ್ಬಲ್ಯ. ಜೋರು ಹಾಕಿದಾಗ ಸಾಕೆಟ್ ಬಾಯಿ ಅಗಲವಾಗುತ್ತದೆ. ನನಗೂ ಹಾಗೇ ಆಯಿತು. ಎರಡನೇ ಸಲ ಒತ್ತುವಾಗ ಸಾಕೆಟ್ ಜಾರಿತು. ಟಾರ್ಚ್ ಬಿಟ್ಟು ನೋಡಿದರೆ ಷಟ್ಕೋನದ ಒಂದು ಮೂಲೆ ಹೊಳೆಯುತ್ತಿತ್ತು. ಸವೆಯಲು ಶುರುವಾಗಿತ್ತು.

ಅಲ್ಲಿಗೆ ನಿಲ್ಲಿಸಿದೆ. ಇನ್ನೊಂದು ಸಲ, ಇನ್ನೊಂದೇ ಸಲ ಎಂದು ಒತ್ತಿದ್ದರೆ ಮೂಲೆಗಳೆಲ್ಲ ಉರುಟಾಗಿ ಮ್ಯಾನಿಫೋಲ್ಡನ್ನೇ ಬಿಚ್ಚುವ ಪರಿಸ್ಥಿತಿ ಬರುತ್ತಿತ್ತು. ಒಂದು ಲೋಟ ನೀರು ಕುಡಿದು ಯೋಚನೆ ಮಾಡಿದೆ. ಈ ಸೆನ್ಸರ್ ಸತ್ತಿದೆ ಎಂದು ಅಳೆದು ಖಾತ್ರಿ ಮಾಡಿಕೊಂಡಿದ್ದೇನೆ. ಹೊಸದು ಕೈಯಲ್ಲಿದೆ. ಅದರ ಕನೆಕ್ಟರ್, ವೈರಿನ ಉದ್ದ, ಥ್ರೆಡ್ ಮೂರನ್ನೂ ಹೋಲಿಸಿ ನೋಡಿದ್ದೇನೆ. ಹಾಗಿದ್ದ ಮೇಲೆ ಹಳೆಯದರ ವೈರ್ ಉಳಿಸಿಕೊಂಡು ಏನು ಮಾಡಲಿ? ಕಟಿಂಗ್ ಪ್ಲೈಯರಿನಲ್ಲಿ ಬುಡಕ್ಕೆ ಕತ್ತರಿಸಿದೆ. ಈಗ ಸೀಳಿಲ್ಲದ, ಪೂರ್ತಿ ದುಂಡಗಿನ 22 ನಂಬರ್ ರಿಂಗ್ ಸ್ಪ್ಯಾನರ್ ಮೇಲಿನಿಂದ ಇಳಿಸಬಹುದಿತ್ತು. ಅದು ಆರೂ ಮುಖಗಳನ್ನು ಗಟ್ಟಿಯಾಗಿ ಹಿಡಿಯುತ್ತದೆ, ಅಗಲವಾಗುವ ಮಾತೇ ಇಲ್ಲ. ಆ ಮೂರು ವಿಷಯ ಖಾತ್ರಿಯಾಗದೆ ಮಾತ್ರ ಯಾರೂ ವೈರಿಗೆ ಕತ್ತರಿ ಹಾಕಬಾರದು. ಕತ್ತರಿಸಿದ ಮೇಲೆ ಹಳೆಯದಕ್ಕೆ ವಾಪಸ್ ಹೋಗುವ ದಾರಿ ಇಲ್ಲ.

ಇನ್ನೊಂದು ಉಪಾಯವನ್ನೂ ಸೇರಿಸಿದೆ. ಕಾರು ಬಯಲಿನಲ್ಲೇ ನಿಂತಿತ್ತು. ಐದು ನಿಮಿಷ ಇಂಜಿನ್ ಓಡಿಸಿ ನಿಲ್ಲಿಸಿದೆ. ಲೋಹ ಬೆಚ್ಚಗಾದಾಗ ಸ್ವಲ್ಪ ಹಿಗ್ಗುತ್ತದೆ, ತುಕ್ಕಿನ ಹಿಡಿತ ಸಡಿಲವಾಗುತ್ತದೆ. ಬೆಚ್ಚಗೆ ಇರಬೇಕು, ಕೆಂಡದಂತೆ ಕಾದಿರಬಾರದು. ದಪ್ಪ ಚರ್ಮದ ಗ್ಲೌಸ್ ಹಾಕಿಕೊಂಡೇ ಕೈ ಇಟ್ಟೆ. ಮುಚ್ಚಿದ ಶೆಡ್ಡಿನಲ್ಲಿ ಈ ಕೆಲಸ ಬೇಡವೇ ಬೇಡ. ಕಾರ್ಬನ್ ಮಾನಾಕ್ಸೈಡ್‌ಗೆ ವಾಸನೆಯೂ ಇಲ್ಲ, ಬಣ್ಣವೂ ಇಲ್ಲ.

ಮೊದಲು ಕೂದಲೆಳೆಯಷ್ಟು ಬಿಗಿಯುವ ದಿಕ್ಕಿಗೆ ಒತ್ತಿದೆ. ಆಮೇಲೆ ಸಡಿಲಿಸುವ ದಿಕ್ಕಿಗೆ. 'ಕಿರ್' ಎಂದು ಒಂದು ಸದ್ದು. ಭಾವ ಮುರಿದೇ ಹೋಯಿತೆಂದು ಗಾಬರಿಯಾದರು. ಅದು ತುಕ್ಕು ಬಿಟ್ಟ ಸದ್ದು. ಅರ್ಧ ಸುತ್ತು ಬಿಚ್ಚಿದೆ, ಎಣ್ಣೆ ಬಿಟ್ಟೆ, ಕಾಲು ಸುತ್ತು ವಾಪಸ್ ಬಿಗಿದೆ, ಮತ್ತೆ ಬಿಚ್ಚಿದೆ. ಹೀಗೆ ಆಡಿಸುತ್ತ ತೆಗೆದರೆ ಪುಡಿಯಾದ ತುಕ್ಕು ಥ್ರೆಡ್ಡನ್ನು ತಿನ್ನುವುದಿಲ್ಲ. ಒಂದೇ ಉಸಿರಿಗೆ ಎಳೆದರೆ ತಿನ್ನುತ್ತದೆ. ಪೂರ್ತಿ ಹೊರಗೆ ಬರಲು ಇಪ್ಪತ್ತು ನಿಮಿಷ ಹಿಡಿಯಿತು.

ಹೊರಗೆ ಬಂದ ಸೆನ್ಸರಿನ ತುದಿಯನ್ನು ಬೆಳಕಿಗೆ ಹಿಡಿದು ನೋಡಿದೆ. ಇದನ್ನು ಯಾರೂ ತಪ್ಪಿಸಬಾರದು. ಆ ತುದಿ ಇಂಜಿನ್ನಿನ ಹೊಟ್ಟೆಯ ಕಥೆ ಹೇಳುತ್ತದೆ. ಬಿಳಿ ಪುಡಿ ಕೂತಿದ್ದರೆ ಕೂಲೆಂಟ್ ಒಳಗೆ ಸೋರುತ್ತಿರಬಹುದು, ಇಲ್ಲವೇ ಸಿಲಿಕೋನ್ ಗಮ್ ಬಳಸಿ ಯಾವುದೋ ಗ್ಯಾಸ್ಕೆಟ್ ಕೂರಿಸಿರಬಹುದು. ಎಣ್ಣೆ ಸುಡುತ್ತಿದ್ದರೆ ಕಂದು ಬೂದಿ ಅಂಟಿರುತ್ತದೆ. ಅಂಥ ವಿಷ ತಾಗಿ ಹಳೆಯದು ಸತ್ತಿದ್ದರೆ ಹೊಸದೂ ಕೆಲವೇ ತಿಂಗಳಲ್ಲಿ ಸಾಯುತ್ತದೆ. ನಮ್ಮದರಲ್ಲಿ ಇದ್ದದ್ದು ತೆಳುವಾದ ಒಣ ಕರಿ ಮಾತ್ರ. ಬೆಳಗಿನ ಜಾಸ್ತಿ ಪೆಟ್ರೋಲಿನ ಗುರುತು. ಸಮಾಧಾನವಾಯಿತು.

ಮ್ಯಾನಿಫೋಲ್ಡಿನ ತೂತಿನಲ್ಲಿ ಮೊದಲ ಎರಡು ಥ್ರೆಡ್ ಸ್ವಲ್ಪ ಕೆಟ್ಟಿದ್ದವು. 18 ಮಿ.ಮೀ. ಅಗಲ, 1.5 ಮಿ.ಮೀ. ಪಿಚ್ಚಿನ ಥ್ರೆಡ್ ಚೇಸರ್, ಅಂದರೆ ಕೆಟ್ಟ ಥ್ರೆಡ್ ಸರಿಮಾಡುವ ಉಪಕರಣ, ತಂದಿಟ್ಟಿದ್ದೆ. ಅದರ ಸಂದುಗಳಿಗೆ ಗ್ರೀಸ್ ಹಚ್ಚಿ ನಿಧಾನವಾಗಿ ಇಳಿಸಿ ತೆಗೆದೆ. ಗ್ರೀಸ್ ಇದ್ದರೆ ಲೋಹದ ಚೂರು ಅದಕ್ಕೇ ಅಂಟಿಕೊಂಡು ಹೊರಗೆ ಬರುತ್ತದೆ, ಒಳಗೆ ಬಿದ್ದು ಕ್ಯಾಟ್ ಮುಖಕ್ಕೆ ಹೋಗುವುದಿಲ್ಲ.

ಕೂರಿಸಿದ್ದು

ಹೊಸದನ್ನು ಹಾಕುವ ಮೊದಲು ಅದರ ಹೀಟರನ್ನೂ ಅಳೆದೆ. 7 ಓಮ್‌ನ ಆಸುಪಾಸು. ಥ್ರೆಡ್ ಮೇಲೆ ಬೂದು ಬಣ್ಣದ ಪೇಸ್ಟ್ ಕಾರ್ಖಾನೆಯಲ್ಲೇ ಹಚ್ಚಿ ಬಂದಿತ್ತು. ಮುಂದೊಂದು ದಿನ ಸುಲಭವಾಗಿ ಬಿಚ್ಚಲು ಇರುವ ಆಂಟಿ ಸೀಜ್ ಪೇಸ್ಟ್ ಅದು. ಅದರ ಮೇಲೆ ಇನ್ನಷ್ಟು ಮೆತ್ತಬೇಕಿಲ್ಲ. ತುದಿಗಂತೂ ತಾಗಲೇಬಾರದು. ಕೈಯಿಂದ ಬಿದ್ದ ಸೆನ್ಸರನ್ನೂ ಹಾಕಬಾರದು. ಹೊರಗೆ ಏನೂ ಕಾಣದಿದ್ದರೂ ಒಳಗಿನ ಪಿಂಗಾಣಿ ಬಿರುಕು ಬಿಟ್ಟಿರಬಹುದು.

ಮೊದಲ ನಾಲ್ಕೈದು ಸುತ್ತು ಬರಿಗೈಯಲ್ಲೇ ತಿರುಗಿಸಿದೆ. ಕೈಯಲ್ಲಿ ಸಲೀಸಾಗಿ ಹೋದರೆ ಥ್ರೆಡ್ ನೇರವಾಗಿ ಕೂತಿದೆ ಎಂದು ಅರ್ಥ. ಆಮೇಲೆ ಅದೇ ಸೀಳು ಸಾಕೆಟ್ ಮತ್ತು ಟಾರ್ಕ್ ರೆಂಚ್. ಪೆಟ್ಟಿಗೆಯೊಳಗಿನ ಹಾಳೆಯಲ್ಲಿ ಹೇಳಿದ್ದಂತೆ 45 ನ್ಯೂಟನ್ ಮೀಟರ್. ಬಿಗಿಯುವಾಗ ಅಷ್ಟು ಜೋರು ಬೇಕಾಗದ ಕಾರಣ ಆ ಸಾಕೆಟ್ ಇಲ್ಲಿ ಸಾಕು.

ಕನೆಕ್ಟರ್ ಹಾಕುವಾಗ ಒಂದು ಎಚ್ಚರಿಕೆ. ನೀರು ಹೋಗದಿರಲಿ ಎಂದು ಕೆಲವರು ಅದರೊಳಗೆ ಗ್ರೀಸ್ ತುಂಬುತ್ತಾರೆ, ಸ್ಪ್ರೇ ಹೊಡೆಯುತ್ತಾರೆ. ಇಲ್ಲಿ ಬೇಡ. ಜಿರ್ಕೋನಿಯಾದ ಒಳಮೈಗೆ ಬೇಕಾದ ಹೊರಗಿನ ಗಾಳಿ ಎಷ್ಟೋ ಸೆನ್ಸರ್‌ಗಳಲ್ಲಿ ವೈರಿನ ಎಳೆಗಳ ನಡುವಿನ ಸಂದಿನಿಂದಲೇ ಒಳಗೆ ಹೋಗುತ್ತದೆ. ಕನೆಕ್ಟರ್ ಮುಚ್ಚಿದರೆ ಸೆನ್ಸರಿನ ಉಸಿರು ಕಟ್ಟುತ್ತದೆ. ವೈರನ್ನು ಹಳೆಯ ಕ್ಲಿಪ್ಪುಗಳಲ್ಲೇ ಕೂರಿಸಿ, ಮ್ಯಾನಿಫೋಲ್ಡಿಗೆ ತಾಗದಂತೆ ನೋಡಿಕೊಂಡು, ಹೀಟ್ ಶೀಲ್ಡ್ ಹಾಕಿದೆ. ಕೋಡ್ ಅಳಿಸಿದೆ. ಸ್ಟಾರ್ಟ್ ಮಾಡಿದೆ.

ಸುಮಾರು ಅರ್ಧ ನಿಮಿಷಕ್ಕೆ ಫೋನಿನ ಪರದೆಯ ಮೇಲೆ ಆ ಗೆರೆ ಮೇಲೆ ಕೆಳಗೆ ಹಾರಲು ಶುರುವಾಯಿತು. ಬೆಳಗಿನ ವಾಸನೆ ಮರುದಿನವೇ ಹೋಯಿತು ಎಂದು ಅಕ್ಕ ಸಂಭ್ರಮದಿಂದ ಹೇಳಿದಳು. ಕೆಲಸ ಮುಗಿಯಿತು ಎಂದುಕೊಂಡೆ.

ಆರನೇ ದಿನ ಲೈಟ್ ಮತ್ತೆ ಹತ್ತಿತು.

ನಾನು ಬಿಟ್ಟಿದ್ದ ಕೋಡ್

ಅಕ್ಕನ ದನಿಯಲ್ಲಿ ಕೋಪ ಇರಲಿಲ್ಲ, ಬೇಸರ ಇತ್ತು. "ಅವರು ಹೇಳಿದ್ದೇ ಸರಿ ಇತ್ತೇನೋ" ಎಂದಳು. ಅದು ನನಗೆ ಚುಚ್ಚಿತು. ಸಂಜೆಯೇ ಹೋಗಿ ರೀಡರ್ ಹಾಕಿದೆ. ಪಿ0135 ಇಲ್ಲ. ಈ ಸಲ ಪಿ0171 ಖಾತ್ರಿ ಕೋಡ್ ಆಗಿ ಕೂತಿತ್ತು. ಅಂದರೆ 'ಲೀನ್': ಗಾಳಿ ಜಾಸ್ತಿ, ಪೆಟ್ರೋಲ್ ಕಡಿಮೆ.

ಮೊದಲ ದಿನವೇ ಪೆಂಡಿಂಗ್ ಪಟ್ಟಿಯಲ್ಲಿ ಇದ್ದ ಕೋಡ್ ಇದು. ಅದನ್ನು ನಾನು ನೋಡಿದ್ದೆ. ತಣ್ಣಗಿರುವ ಸೆನ್ಸರ್ ಕಡಿಮೆ ವೋಲ್ಟೇಜ್ ತೋರಿಸುತ್ತದೆ, ಕಡಿಮೆ ವೋಲ್ಟೇಜ್ ಎಂದರೆ ಲೀನ್, ಹಾಗಾಗಿ ಹೀಟರ್ ಸರಿಯಾದರೆ ಇದೂ ಹೋಗುತ್ತದೆ ಎಂದು ಲೆಕ್ಕ ಹಾಕಿದ್ದೆ. ಕೇಳಲು ಸರಿ ಎನ್ನಿಸುವ ವಾದ. ಆದರೆ ಹೀಟರಿನ ವಿಷಯದಲ್ಲಿ ಎಲ್ಲವನ್ನೂ ಅಳೆದವನು ಈ ಕೋಡನ್ನು ಅಳೆಯದೆ ಬರೀ ಊಹೆಯ ಮೇಲೆ ಬಿಟ್ಟಿದ್ದೆ. ಎರಡು ಕೋಡಿಗೆ ಒಂದೇ ಕಾರಣ ಸಿಕ್ಕಿಬಿಟ್ಟರೆ ಮನಸ್ಸಿಗೆ ಹಿತ. ತಪ್ಪಿದ್ದು ಅಲ್ಲಿ.

ಮೊದಲು ನನ್ನ ಕೆಲಸವನ್ನೇ ಅನುಮಾನಿಸಿದೆ. ಸೆನ್ಸರಿನ ಬುಡದಲ್ಲಿ ಅಥವಾ ಮ್ಯಾನಿಫೋಲ್ಡ್ ಗ್ಯಾಸ್ಕೆಟ್ಟಿನಲ್ಲಿ ಸಂದು ಇದ್ದರೆ ಹೊಗೆಯ ಬಡಿತದ ನಡುನಡುವೆ ಹೊರಗಿನ ಗಾಳಿ ಒಳಗೆ ಎಳೆದುಕೊಳ್ಳುತ್ತದೆ. ಇಲ್ಲದ ಆಮ್ಲಜನಕವನ್ನು ಸೆನ್ಸರ್ ಇದೆ ಎಂದು ಹೇಳುತ್ತದೆ. ತಣ್ಣಗಿನ ಇಂಜಿನ್ ಸ್ಟಾರ್ಟ್ ಮಾಡಿದ ಕೂಡಲೇ ಕಿವಿಗೊಟ್ಟು ಕೇಳಿದೆ. 'ಟಿಕ್ ಟಿಕ್' ಸದ್ದು ಇಲ್ಲ. ಬುಡದ ಸುತ್ತ ಕರಿಯ ಗುರುತೂ ಇಲ್ಲ. ಅಲ್ಲಿ ಸರಿಯಿತ್ತು.

ಆಮೇಲೆ ಫ್ಯೂಯಲ್ ಟ್ರಿಮ್ ನೋಡಿದೆ. ತನ್ನ ಅಂದಾಜಿಗಿಂತ ಎಷ್ಟು ಶೇಕಡಾ ಹೆಚ್ಚು ಅಥವಾ ಕಡಿಮೆ ಪೆಟ್ರೋಲ್ ಕೊಡಬೇಕಾಗಿ ಬಂದಿದೆ ಎಂದು ಇಸಿಯು ಇಟ್ಟುಕೊಂಡಿರುವ ಲೆಕ್ಕ ಅದು. ಐಡ್ಲಿಂಗ್‌ನಲ್ಲಿ ಶೇ. 21 ಹೆಚ್ಚು. ಆಕ್ಸಿಲರೇಟರ್ ಒತ್ತಿ 2,500 ಆರ್‌ಪಿಎಮ್‌ನಲ್ಲಿ ಹಿಡಿದರೆ ಶೇ. 4 ಮಾತ್ರ.

ಈ ಎರಡು ಸಂಖ್ಯೆಗಳಲ್ಲೇ ಉತ್ತರ ಇತ್ತು. ಪೆಟ್ರೋಲ್ ಪಂಪ್ ಅಥವಾ ಫಿಲ್ಟರ್ ಸೋತಿದ್ದರೆ ಇಂಜಿನ್ನಿಗೆ ಜಾಸ್ತಿ ಪೆಟ್ರೋಲ್ ಬೇಕಾದಾಗ ಕೊರತೆ ಹೆಚ್ಚಬೇಕಿತ್ತು. ಇಲ್ಲಿ ಉಲ್ಟಾ. ಐಡ್ಲಿಂಗ್‌ನಲ್ಲಿ ಇಂಜಿನ್ ಎಳೆಯುವ ಗಾಳಿಯೇ ಸ್ವಲ್ಪ, ಅದಕ್ಕೆ ಕದ್ದು ಸೇರುವ ಗಾಳಿ ದೊಡ್ಡ ಪಾಲಾಗುತ್ತದೆ. ವೇಗ ಹೆಚ್ಚಿದಾಗ ಎಳೆಯುವ ಗಾಳಿ ಎಷ್ಟೋ ಪಟ್ಟು ಆಗಿ, ಕದ್ದ ಗಾಳಿ ಲೆಕ್ಕಕ್ಕೆ ಬರುವುದಿಲ್ಲ. ಈ ಕಾರಿನಲ್ಲಿ ಗಾಳಿ ಅಳೆಯುವ ಮೀಟರ್ ಏರ್ ಫಿಲ್ಟರ್ ಪಕ್ಕದಲ್ಲೇ ಇದೆ. ಅದನ್ನು ದಾಟಿದ ಮೇಲೆ ಎಲ್ಲೋ ಗಾಳಿ ನುಸುಳುತ್ತಿದೆ.

ಇಂಜಿನ್ ಓಡುತ್ತಿರುವಾಗ ಬೆಲ್ಟ್ ಮತ್ತು ಫ್ಯಾನಿನಿಂದ ಕೈ ದೂರ ಇಟ್ಟು, ಒಂದೊಂದೇ ರಬ್ಬರ್ ಪೈಪನ್ನು ಬೆರಳಲ್ಲಿ ಒತ್ತುತ್ತ ಹೋದೆ. ಸ್ಪ್ರೇ ಹೊಡೆದು ಲೀಕ್ ಹುಡುಕುವವರಿದ್ದಾರೆ, ಬಿಸಿ ಮ್ಯಾನಿಫೋಲ್ಡಿನ ಪಕ್ಕದಲ್ಲಿ ಹೊತ್ತಿಕೊಳ್ಳುವ ದ್ರವ ಹಾರಿಸಲು ನನಗೆ ಧೈರ್ಯ ಸಾಲದು. ವಾಲ್ವ್ ಕವರಿನಿಂದ ಇನ್‌ಟೇಕ್ ಮ್ಯಾನಿಫೋಲ್ಡಿಗೆ (ಇಂಜಿನ್ನಿಗೆ ಗಾಳಿ ಒಯ್ಯುವ ಕೊಳವೆಗಳಿಗೆ) ಹೋಗುವ ಬ್ರೀದರ್ ಪೈಪಿನ ಮೊಣಕೈ ಒತ್ತಿದ ಕೂಡಲೇ ಇಂಜಿನ್ನಿನ ದನಿ ಬದಲಾಯಿತು. ಫೋನಿನಲ್ಲಿ ಟ್ರಿಮ್ ಇಳಿಯತೊಡಗಿತು. ಪೈಪ್ ಬಿಚ್ಚಿ ತಿರುಗಿಸಿದೆ. ಮೇಲಿನಿಂದ ನೋಡಿದರೆ ಹೊಸದರಂತೆ ಇತ್ತು. ಕೆಳಮೈಯಲ್ಲಿ, ಬಾಗಿದ ಜಾಗದಲ್ಲಿ, ಉಗುರು ತೂರುವಷ್ಟು ಸೀಳು.

ಆಗ ಪೂರ್ತಿ ಚಿತ್ರ ಕಂಡಿತು. ಅಕ್ಕನ ಕಾರಿನಲ್ಲಿ ಎರಡು ತೊಂದರೆ ಇದ್ದವು, ಒಂದಕ್ಕೊಂದು ವಿರುದ್ಧ. ಹೀಟರ್ ಸತ್ತು ಬೆಳಗಿನ ಹೊತ್ತು ಪೆಟ್ರೋಲ್ ಜಾಸ್ತಿ. ಪೈಪ್ ಸೀಳಿ ಐಡ್ಲಿಂಗ್‌ನಲ್ಲಿ ಗಾಳಿ ಜಾಸ್ತಿ. ಮುಂದಿನ ಸೆನ್ಸರ್ ಬಾಯಿ ಮುಚ್ಚಿಕೊಂಡಿದ್ದಷ್ಟು ದಿನ ಇಸಿಯು ಅಂದಾಜಿನಲ್ಲೇ ನಡೆಯುತ್ತಿತ್ತು, ಗಾಳಿಯ ಲೀಕ್ ಅದರ ಲೆಕ್ಕಕ್ಕೆ ಸರಿಯಾಗಿ ಬರಲೇ ಇಲ್ಲ. ಹೊಸ ಸೆನ್ಸರ್ ಬಂದು ದಿನವಿಡೀ ಸತ್ಯ ಹೇಳಲು ಶುರು ಮಾಡಿತು. ಆರನೇ ದಿನ ಹತ್ತಿದ ಲೈಟ್ ಆ ಹೊಸ ಸೆನ್ಸರ್ ತನ್ನ ಕೆಲಸ ಮಾಡಿದ್ದರ ಗುರುತಾಗಿತ್ತು. ಇದನ್ನು ಅಕ್ಕನಿಗೆ ಹೇಳಿದಾಗ ಅವಳು ಆ ಸೀಳಿನೊಳಗೆ ತಾನೇ ಬೆರಳಿಟ್ಟು ನೋಡಿ, "ಇಷ್ಟಕ್ಕೆ ಕ್ಯಾಟ್ ಬದಲಾಯಿಸಬೇಕು ಅಂದ್ರಾ?" ಎಂದಳು.

ಹೊಸ ಪೈಪ್ ಹಾಕಲು ಹತ್ತು ನಿಮಿಷ. ಎರಡೂ ತುದಿಗೆ ಹೊಸ ಕ್ಲಿಪ್ ಹಾಕಿದೆ. ಕೋಡ್ ಮತ್ತೆ ಅಳಿಸಿದೆ.

ಕೋಡ್ ಅಳಿಸಿದಾಗ ಇಸಿಯು ತನ್ನ ಸ್ವಂತ ಪರೀಕ್ಷೆಗಳ ಫಲಿತಾಂಶವನ್ನೂ ಅಳಿಸಿಬಿಡುತ್ತದೆ. ಲೈಟ್ ಆರಿದೆ ಎಂದರೆ ರಿಪೇರಿ ಆಯಿತು ಎಂದಲ್ಲ, ಪರೀಕ್ಷೆ ಇನ್ನೂ ನಡೆದಿಲ್ಲ ಎಂದೂ ಇರಬಹುದು. ಮೊದಲ ಸಲ ನಾನು ಅದನ್ನು ನೋಡದೆ ಎದ್ದು ಬಂದಿದ್ದೆ. ಈ ಸಲ 'ರೆಡಿನೆಸ್' ಪುಟವನ್ನು ಎರಡು ದಿನಕ್ಕೊಮ್ಮೆ ನೋಡಿದೆ. ತಣ್ಣಗಿನ ಸ್ಟಾರ್ಟ್, ಸ್ವಲ್ಪ ಊರೊಳಗಿನ ಓಟ, ಸ್ವಲ್ಪ ಒಂದೇ ವೇಗದ ಹೆದ್ದಾರಿ ಓಟ ಎಲ್ಲವೂ ಬೇಕಿತ್ತು. ಸೆನ್ಸರ್ ಹೀಟರ್ ಪರೀಕ್ಷೆ ಎರಡನೇ ದಿನ ಮುಗಿಯಿತು. ಆಕ್ಸಿಜನ್ ಸೆನ್ಸರಿನದು ನಾಲ್ಕನೇ ದಿನ. ಕ್ಯಾಟ್ ಪರೀಕ್ಷೆ ಹೆದ್ದಾರಿಗೆ ಕಾಯುತ್ತಿತ್ತು. ಅಕ್ಕ ಭಾವ ಒಂದು ಮದುವೆಗೆ ಹೋಗಿ ಬಂದ ಮೇಲೆ ಅದೂ ಪಾಸಾಯಿತು.

ಈಗ ಐಡ್ಲಿಂಗ್ ಟ್ರಿಮ್ ಶೇ. 3ರ ಹತ್ತಿರ ನಿಂತಿದೆ. 2,500 ಆರ್‌ಪಿಎಮ್‌ನಲ್ಲಿ ಶೇ. 2. ಹಿಂದಿನ ಸೆನ್ಸರ್ ಅದೇ 0.7ರ ಬಳಿ ಶಾಂತವಾಗಿದೆ. ಮೂರನೇ ಟ್ಯಾಂಕ್ ಲೆಕ್ಕ ಹಾಕಿದಾಗ ಲೀಟರಿಗೆ 14.4 ಕಿ.ಮೀ. ಬಂತು. ಸೀಳಿದ ಪೈಪನ್ನು ಅಕ್ಕ ಎಸೆಯಲು ಬಿಡಲಿಲ್ಲ. ಮುಂದಿನ ಸರ್ವಿಸ್‌ಗೆ ಹೋಗುವಾಗ ತೋರಿಸುತ್ತಾಳಂತೆ, ಕಾರಿನ ಡಿಕ್ಕಿಯಲ್ಲಿ ಇಟ್ಟುಕೊಂಡಿದ್ದಾಳೆ.